ನೀರಾವರಿ ಮಾಡೆಲ್: ತಿಂಗಳ ಲೆಕ್ಕದಲ್ಲಿ ನೀರು ಸಾಕು ಅಂತ ಬರ್ತಿದೆ, ಹೊಲದಲ್ಲಿ ಸಾಲ್ತಿಲ್ಲ

ಪ್ರಶ್ನೆ:
ಒಂದು ಜಲಾಶಯ, ಅದರ ಅಚ್ಚುಕಟ್ಟಲ್ಲಿ ಮುಸುಕಿನ ಜೋಳ, ಇಷ್ಟಕ್ಕೆ ಎಕ್ಸೆಲ್‌ನಲ್ಲಿ ಪೂರೈಕೆ-ಬೇಡಿಕೆ ಮಾಡೆಲ್ ಮಾಡ್ತಿದೀನಿ. ತಿಂಗಳ ಒಳಹರಿವು, ಮಳೆ, ಬೆಳೆಯ ಬೇಡಿಕೆ ಎಲ್ಲಾ ಹಾಕಿದ್ರೆ ಕೊರತೆನೇ ಕಾಣ್ತಿಲ್ಲ, ಆದ್ರೆ ಹೂ ಬಿಡೋ ಹೊತ್ತಲ್ಲಿ ಬೆಳೆ ಒಣಗ್ತಿದೆ. ಎಲ್ಲಿ ತಪ್ತಿದೆ?

ಉತ್ತರ 1:
ತಿಂಗಳ ಸರಾಸರಿ ಬಿಡಿ, ಹತ್ತು ದಿನಕ್ಕೊಂದು ಲೆಕ್ಕ ಹಾಕಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಕ್ರಾಪ್‌ವ್ಯಾಟ್ ಸಾಫ್ಟ್‌ವೇರ್ ಕೂಡ ಬೇಡಿಕೆ ಹಾಗೇ ತೋರಿಸುತ್ತೆ. ತಿಂಗಳ ಮಳೆಯೆಲ್ಲಾ ಮೂರ್ನಾಲ್ಕು ದಿನದಲ್ಲೇ ಸುರಿದ್ರೆ ಮಣ್ಣು ಹಿಡಿಯೋವಷ್ಟು ಹಿಡಿದು ಮಿಕ್ಕಿದ್ದು ಹರಿದುಹೋಗುತ್ತೆ, ನಿಮ್ಮ ಶೀಟ್ ಮಾತ್ರ ಅದನ್ನ ಇಡೀ ತಿಂಗಳಿಗೆ ಹಂಚಿ ಬೆಳೆಗೆ ಸಿಕ್ತು ಅಂತ ಬರ್ಕೊಳ್ಳುತ್ತೆ. ಹೂ ಬಿಡೋ ಹಂತದಲ್ಲಿ ಮುಸುಕಿನ ಜೋಳದ ಬೆಳೆ ಗುಣಾಂಕ (ಹುಲ್ಲಿನ ನೆಲಕ್ಕೆ ಹೋಲಿಸಿದ್ರೆ ಬೆಳೆಗೆ ಎಷ್ಟು ಪಟ್ಟು ನೀರು ಬೇಕು ಅನ್ನೋ ಅಂಕಿ) 1.2 ಹತ್ರ ಇರುತ್ತೆ. ಆಧಾರ ಬಾಷ್ಪೀಕರಣ, ಅಂದ್ರೆ ಚೆನ್ನಾಗಿ ನೀರು ಸಿಕ್ಕ ಹುಲ್ಲಿನ ನೆಲದ ಮಣ್ಣು, ಎಲೆಗಳಿಂದ ಆವಿಯಾಗೋ ನೀರು, ದಿನಕ್ಕೆ 5 ಮಿಮೀ ಅಂತಿಟ್ಕೊಳ್ಳಿ, ಬೆಳೆಗೆ 6 ಮಿಮೀ, ಹತ್ತು ದಿನಕ್ಕೆ 60. ಉಪಯೋಗಕ್ಕೆ ಬಂದ ಮಳೆ 15 ಕಳೆದ್ರೆ 45. ಹಾಯಿ ನೀರಾವರಿ ದಕ್ಷತೆ 60%, ಅಂದ್ರೆ ಬಿಟ್ಟ ನೀರಲ್ಲಿ ಅಷ್ಟೇ ಬೆಳೆಗೆ ಸಿಗುತ್ತೆ ಅಂತಿಟ್ಕೊಂಡ್ರೆ ಬಿಡಬೇಕಾಗಿದ್ದು 75 ಮಿಮೀ, ಅಂದ್ರೆ ಹೆಕ್ಟೇರಿಗೆ 750 ಘನ ಮೀಟರ್. ಆ ಹತ್ತು ದಿನದಲ್ಲಿ ಕಾಲುವೆಗೆ ಇಷ್ಟು ಹರಿಸೋ ಶಕ್ತಿ ಇದೆಯಾ ಅಂತನೂ ನೋಡಿ, ಜಲಾಶಯದಲ್ಲಿ ನೀರಿದ್ದು ಕಾಲುವೆ ಸಣ್ಣದಿದ್ರೂ ಕೊರತೆನೇ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಬೆಳೆಗೆ ಸಿಗದ ಆ 40% ಪೂರ್ತಿ ನಷ್ಟ ಅಂತ ಬರೀಬೇಡಿ ದಯವಿಟ್ಟು. ಒಂದಷ್ಟು ಆವಿಯಾಗುತ್ತೆ, ಉಳಿದಿದ್ದು ಇಂಗಿ ಅಂತರ್ಜಲ ಸೇರುತ್ತೆ ಇಲ್ಲಾ ಬಸಿಗಾಲುವೆಯಲ್ಲಿ ಕೆಳಗಿನವರಿಗೆ ಹೋಗುತ್ತೆ. ಇದನ್ನ ಲೆಕ್ಕಕ್ಕೆ ತಗೊಳ್ಳದೆ ಎಲ್ಲರಿಗೂ ಡ್ರಿಪ್ ಹಾಕಿದ್ರೆ ಇಷ್ಟು ನೀರು ಉಳಿತಾಯ ಅಂತ ತೋರಿಸೋ ಮಾಡೆಲ್‌ಗಳನ್ನ ನೋಡಿದ್ರೆ ಬೇಜಾರಾಗುತ್ತೆ, ಯಾಕಂದ್ರೆ ಉಳಿದ ನೀರಲ್ಲಿ ಮೇಲಿನವರು ಇನ್ನಷ್ಟು ಬಿತ್ತಿದ್ರೆ ಕೆಳಗಿನ ಬಾವಿಗೆ ಬರೋದು ನಿಂತೇಹೋಗುತ್ತೆ.

ಪ್ರಶ್ನೆ ಕೇಳಿದವರು:
ಹತ್ತು ದಿನಕ್ಕೆ ಇಳಿಸ್ದೆ, ಹೂವಿನ ಹಂತದಲ್ಲಿ ಕೊರತೆ ನೇರವಾಗಿ ಕಾಣ್ತಿದೆ. ಥ್ಯಾಂಕ್ಸ್. ಹೀಗೆ ಇಂಗಿ, ಬಸಿದು ಮತ್ತೆ ಸಿಗೋ ವಾಪಸ್ ಹರಿವು ಎಷ್ಟು ಶೇಕಡಾ ಹಾಕ್ಲಿ?

ಉತ್ತರ 2:
ಯಾರದೋ ಶೇಕಡಾ ತಗೋಬೇಡಿ, ಮಣ್ಣಿಂದ ಮಣ್ಣಿಗೆ ಬದಲಾಗುತ್ತೆ. ಬಾವಿಗಳ ನೀರಿನ ಮಟ್ಟದ ದಾಖಲೆ, ಬಸಿಗಾಲುವೆ ಹರಿವಿನ ಅಳತೆ ಇದ್ರೆ ಅದಕ್ಕೆ ಹೊಂದೋವರೆಗೂ ಬದಲಾಯಿಸ್ತಾ ಹೋಗಿ, ಆಮೇಲೆ ಮುಟ್ಟದೇ ಇಟ್ಟಿದ್ದ ಬೇರೆ ವರ್ಷದ ಡೇಟಾ ಮೇಲೆ ಓಡಿಸಿ ನೋಡಿ. ಬರದ ವರ್ಷನೇ ಆರಿಸ್ಕೊಳ್ಳಿ.