ಸದನ ಸ್ತಬ್ಧವಾದರೆ ಜನರಿಗೆ ಲಾಭವೋ ನಷ್ಟವೋ? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ನಮ್ಮ ಗುಂಪಿನ ಹಾಸನದ ಸದಸ್ಯರು): ವಿಧಾನಸಭೆ, ಸಂಸತ್ತಿನ ಅಧಿವೇಶನ ಬಂತೆಂದರೆ ಗದ್ದಲ, ಧರಣಿ, ಮುಂದೂಡಿಕೆ. ತೆರಿಗೆ ಹಣ ಪೋಲಾಯಿತು ಎಂದು ಎಲ್ಲರೂ ಬೈಯುತ್ತಾರೆ. ನನಗೆ ಬೇರೆಯೇ ಅನಿಸುತ್ತದೆ. ಹೊಸ ಕಾನೂನು ಎಂದರೆ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಅಲೆದಾಟ. ಸದನ ನಡೆಯದಿದ್ದರೆ ಅಷ್ಟರಮಟ್ಟಿಗೆ ಕಾಟ ತಪ್ಪಿತು ಎಂದುಕೊಳ್ಳುವುದು ತಪ್ಪೇ? ಸಂವಿಧಾನದ ಪ್ರಕರಣಗಳನ್ನು ನಡೆಸುವವರು ಗುಂಪಿನಲ್ಲಿ ಇದ್ದೀರಿ, ದಯವಿಟ್ಟು ವಿವರಿಸಿ.

ಉತ್ತರ: ಗದ್ದಲವಾದರೆ ಕಾನೂನು ನಿಲ್ಲುತ್ತದೆ ಎಂಬುದು ನಿಮ್ಮ ಲೆಕ್ಕ. ನಮ್ಮಲ್ಲಿ ಹಾಗೆ ಆಗುವುದು ತೀರ ಅಪರೂಪ. ಗದ್ದಲದಲ್ಲಿ ಮಸೂದೆ ನಿಲ್ಲುವುದಿಲ್ಲ, ಅದರ ಮೇಲಿನ ಚರ್ಚೆ ನಿಲ್ಲುತ್ತದೆ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನಮ್ಮ ವಿಧಾನಸಭೆಯನ್ನೇ ನೋಡಿ. 2022ರ ಫೆಬ್ರವರಿಯಲ್ಲಿ ಬಿಜೆಪಿ ಸರ್ಕಾರವಿತ್ತು. ಸಚಿವರೊಬ್ಬರು ರಾಷ್ಟ್ರಧ್ವಜದ ಬಗ್ಗೆ ಆಡಿದ ಮಾತನ್ನು ಖಂಡಿಸಿ ಕಾಂಗ್ರೆಸ್ ಶಾಸಕರು ಸದನದಲ್ಲೇ ಅಹೋರಾತ್ರಿ ಧರಣಿ ನಡೆಸಿದರು. ಕಲಾಪ ಹಳಿ ತಪ್ಪಿತು. ಅದೇ ಗದ್ದಲದ ನಡುವೆ ಸಚಿವರ ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. 2025ರ ಮಾರ್ಚ್ 21ಕ್ಕೆ ಬನ್ನಿ. ಈಗ ಕಾಂಗ್ರೆಸ್ ಸರ್ಕಾರ, ಸಭಾಧ್ಯಕ್ಷರ ಪೀಠದ ಮುಂದೆ ಬಿಜೆಪಿ ಶಾಸಕರು. ಅಂದು 18 ಮಂದಿ ಆರು ತಿಂಗಳ ಅಮಾನತಿಗೆ ಒಳಗಾದರು. ಅಂದೂ ಸಂಬಳದ ಮಸೂದೆಗಳು ಚರ್ಚೆಯಿಲ್ಲದೆ ದಾಟಿಹೋದವು: ಶಾಸಕರ ಮೂಲವೇತನ 40 ಸಾವಿರದಿಂದ 80 ಸಾವಿರ ರೂಪಾಯಿಗೆ, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಪಕ್ಷಗಳು ಸ್ಥಾನ ಬದಲಿಸಿದ್ದವು, ಫಲ ಬದಲಾಗಲಿಲ್ಲ.

ಹಾಗಾದರೆ ನಿಂತದ್ದು ಏನು? ಪ್ರಶ್ನೋತ್ತರ ಕಲಾಪ, ತುರ್ತು ವಿಷಯ ಎತ್ತುವ ಶೂನ್ಯವೇಳೆ, ಸಚಿವರ ಗಮನ ಸೆಳೆಯುವ ಸೂಚನೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ವೈದ್ಯರು ಏಕಿಲ್ಲ ಎಂದು ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ (ಮೌಖಿಕ ಉತ್ತರ ಬೇಡುವ ಪ್ರಶ್ನೆ) ಹಾಕಿದ್ದರೆ ಸಚಿವರು ಎದ್ದುನಿಂತು ಉತ್ತರಿಸಬೇಕು. ಉತ್ತರ ಸಮರ್ಪಕವಾಗಿಲ್ಲದಿದ್ದರೆ ಅಲ್ಲೇ ಉಪಪ್ರಶ್ನೆ ಬೀಳುತ್ತದೆ. ಗದ್ದಲವಾದ ದಿನ ಅದೇ ಉತ್ತರ ಕಾಗದದ ರೂಪದಲ್ಲಿ ಮೇಜಿನ ಮೇಲೆ ಕೂರುತ್ತದೆ, ಉಪಪ್ರಶ್ನೆಗೆ ಅವಕಾಶವೇ ಇಲ್ಲ. ಸರ್ಕಾರಕ್ಕೆ ಇದಕ್ಕಿಂತ ಹಾಯಾದ ದಿನ ಬೇರೊಂದಿಲ್ಲ.

ಕೋರ್ಟಿನಲ್ಲಿ ಇದರ ಪೆಟ್ಟು ನನಗೆ ನೇರವಾಗಿ ತಗಲುತ್ತದೆ. ಕಾಯ್ದೆಯ ಕಲಮೊಂದು ಅಸ್ಪಷ್ಟವಾಗಿದ್ದಾಗ ಅದರ ಉದ್ದೇಶವೇನಿತ್ತು ಎಂದು ತಿಳಿಯಲು ಸದನದ ನಡವಳಿಗಳನ್ನು, ಅಂದರೆ ಅಲ್ಲಿ ಆಡಿದ ಮಾತಿನ ದಾಖಲೆಯನ್ನು, ತೆರೆಯುತ್ತೇವೆ. ಚರ್ಚೆ ನಡೆದಿದ್ದರೆ, ‘ಈ ಪದ ಏಕೆ ಸೇರಿಸಿದಿರಿ, ಬಾಡಿಗೆದಾರನಿಗೂ ಇದು ಅನ್ವಯಿಸುತ್ತದೆಯೇ’ ಎಂಬಂಥ ಪ್ರಶ್ನೆ ಮತ್ತು ಮಂತ್ರಿಯ ಉತ್ತರ ಅಲ್ಲಿ ಇರುತ್ತದೆ. ಗದ್ದಲದಲ್ಲಿ ಅಂಗೀಕಾರವಾದ ಕಾಯ್ದೆಯ ನಡವಳಿಯಲ್ಲಿ ಇರುವುದು ಘೋಷಣೆ, ‘ಗೊಂದಲ’ ಎಂಬ ಷರಾ, ‘ಪ್ರಸ್ತಾವ ಅಂಗೀಕಾರವಾಯಿತು’ ಎಂಬ ಒಂದು ಸಾಲು. ಆಗ ನಮ್ಮ ಕೈಯಲ್ಲಿ ಉಳಿಯುವುದು ಮಸೂದೆಯ ಕೊನೆಯಲ್ಲಿ ಅಂಟಿಸಿದ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಮಾತ್ರ. ಅದು ಸರ್ಕಾರ ತನ್ನ ಬಗ್ಗೆ ತಾನೇ ಬರೆದುಕೊಂಡದ್ದು. ಚರ್ಚೆಯಿಲ್ಲದೆ ಬರುವ ಕಾನೂನುಗಳಲ್ಲಿ ಅಸ್ಪಷ್ಟತೆ ಹೆಚ್ಚು, ಅದರಿಂದ ವ್ಯಾಜ್ಯಗಳೂ ಹೆಚ್ಚು ಎಂದು ಮುಖ್ಯ ನ್ಯಾಯಮೂರ್ತಿಯಾಗಿದ್ದ ಎನ್.ವಿ. ರಮಣ ಅವರು 2021ರ ಸ್ವಾತಂತ್ರ್ಯ ದಿನದಂದು ಬೇಸರದಿಂದ ಹೇಳಿದ್ದರು. ಆ ವ್ಯಾಜ್ಯದ ಖರ್ಚು ಹೊರುವವರು ನಿಮ್ಮಂಥ ವ್ಯಾಪಾರಿಗಳೇ.

ಪ್ರಶ್ನೆ (ಧಾರವಾಡದ ಸದಸ್ಯರು): ಆದರೆ ಮಸೂದೆ ನಿಂತದ್ದರಿಂದ ಜನರಿಗೆ ಒಳ್ಳೆಯದಾದ ಉದಾಹರಣೆಯೂ ಇರಬೇಕಲ್ಲ?

ಉತ್ತರ: ಖಂಡಿತ ಇದೆ. ಆದರೆ ಅದು ಬೇರೆ ಬಗೆಯ ತಡೆ. ಅಲ್ಲಿ ಮಸೂದೆಯನ್ನು ತಡೆಯುವುದು ಕೂಗಾಟವಲ್ಲ, ಸಂಖ್ಯಾಬಲ.

ಭೂಸ್ವಾಧೀನದ ಕಥೆ ಕೇಳಿ. 2013ರ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಸ್ವಾಧೀನಪಡಿಸಿಕೊಳ್ಳಲು ಬಾಧಿತ ಕುಟುಂಬಗಳಲ್ಲಿ 80%ರಷ್ಟರ ಒಪ್ಪಿಗೆ ಬೇಕು. ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗೆ 70% ಸಾಕು. ಇದರ ಜೊತೆಗೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. 2014ರ ಡಿಸೆಂಬರ್ 31ರಂದು ಬಂದ ಸುಗ್ರೀವಾಜ್ಞೆ (ಅಧಿವೇಶನ ಇಲ್ಲದಾಗ ಸರ್ಕಾರ ಹೊರಡಿಸುವ ತಾತ್ಕಾಲಿಕ ಕಾನೂನು), ಕೈಗಾರಿಕಾ ಕಾರಿಡಾರ್ ಸೇರಿದಂತೆ ಐದು ಬಗೆಯ ಯೋಜನೆಗಳಿಗೆ ಈ ಎರಡೂ ಷರತ್ತುಗಳಿಂದ ವಿನಾಯಿತಿಗೆ ದಾರಿ ಮಾಡಿತು. ಲೋಕಸಭೆಯಲ್ಲಿ ಮಸೂದೆ ಗೆದ್ದಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಸುಗ್ರೀವಾಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಿದರೂ ದಾರಿ ಕಾಣದೆ 2015ರ ಆಗಸ್ಟ್ ಕೊನೆಗೆ ಅದು ತಾನಾಗಿ ರದ್ದಾಯಿತು. ಜಮೀನು ಉಳಿಸಿಕೊಳ್ಳಲು ಹೋರಾಡುತ್ತಿದ್ದ ರೈತರಿಗೆ ಆ ತಡೆ ನಿಜವಾದ ಆಸರೆಯಾಯಿತು. ನಾನು ಅದನ್ನು ಮನಸಾರೆ ಸ್ವಾಗತಿಸಿದವನು.

ಜಿಎಸ್‌ಟಿಗೂ ರಾಜ್ಯಸಭೆಯಲ್ಲಿ ತಡೆ ಬಿತ್ತು. ಅಲ್ಲಿ ತಿದ್ದುಪಡಿಯ ಚೌಕಾಸಿ ನಡೆದು, ಉತ್ಪಾದಕ ರಾಜ್ಯಗಳಿಗೆಂದು ಇಟ್ಟಿದ್ದ 1% ಹೆಚ್ಚುವರಿ ತೆರಿಗೆ ಬಿದ್ದುಹೋಯಿತು. 2016ರ ಆಗಸ್ಟ್‌ನಲ್ಲಿ ಮಸೂದೆ ಪಾಸಾಯಿತು. ತಡವಾಗಿ ಬಂದರೂ ಉತ್ತಮವಾಗಿ ಬಂತು.

ಹಾಗೆಂದು ಈ ಬಗೆಯ ತಡೆಯೂ ಸದಾ ಜನಪರವಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡುವ ಮಸೂದೆಯನ್ನು ಮೊದಲು ಮಂಡಿಸಿದ್ದು 1996ರಲ್ಲಿ, ದೇವೇಗೌಡರ ಸರ್ಕಾರ. ಅಂಗೀಕಾರವಾದದ್ದು 2023ರಲ್ಲಿ. ಅದಕ್ಕೂ ಜನಗಣತಿ, ಕ್ಷೇತ್ರ ಮರುವಿಂಗಡಣೆಯ ಷರತ್ತು ಬಿತ್ತು. ಕರ್ನಾಟಕ ತನ್ನ 1983ರ ಕಾಯ್ದೆಯಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ 25% ಸ್ಥಾನ ಕೊಟ್ಟಿತ್ತು. ದೆಹಲಿಯ ಈ ವಿಳಂಬದಿಂದ ಒಂದು ತಲೆಮಾರಿನ ಮಹಿಳೆಯರಿಗೆ ಆದ ಅನ್ಯಾಯಕ್ಕೆ ಯಾವ ಸಮರ್ಥನೆಯೂ ನನ್ನಲ್ಲಿಲ್ಲ.

ಪ್ರಶ್ನೆ (ನ್ಯೂಜೆರ್ಸಿಯಲ್ಲಿರುವ ಸದಸ್ಯರು): ಇಲ್ಲಿ ಅಮೆರಿಕದಲ್ಲಿ ಸಂಸತ್ತಿನ ಜಗಳಕ್ಕೆ ಸರ್ಕಾರಿ ಕಚೇರಿಗಳೇ ಮುಚ್ಚುತ್ತವೆ. ಭಾರತದಲ್ಲಿ ಹಾಗೇಕೆ ಆಗುವುದಿಲ್ಲ?

ಉತ್ತರ: ನಮ್ಮಲ್ಲಿ ಬಜೆಟ್‌ಗೆ ಲೋಕಸಭೆಯಲ್ಲಿ ಸೋಲಾದರೆ ಸರ್ಕಾರವೇ ಬೀಳುತ್ತದೆ. ಅಮೆರಿಕದ ಅಧ್ಯಕ್ಷೀಯ ಪದ್ಧತಿಯಲ್ಲಿ ಹಾಗಿಲ್ಲ: ಖರ್ಚಿಗೆ ಒಪ್ಪಿಗೆ ಸಿಗದಿದ್ದರೂ ಅಧ್ಯಕ್ಷರು ಉಳಿಯುತ್ತಾರೆ, ಕಚೇರಿಗಳಿಗೆ ಹಣ ನಿಲ್ಲುತ್ತದೆ. ಆದ್ದರಿಂದಲೇ 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಅಲ್ಲಿ ಸರ್ಕಾರದ ಒಂದು ಭಾಗ ಮುಚ್ಚಿತ್ತು. ಸುಮಾರು ಎಂಟು ಲಕ್ಷ ನೌಕರರ ಸಂಬಳ ನಿಂತಿತ್ತು. ನೀವು ಗ್ರೀನ್ ಕಾರ್ಡಿಗೆ (ಅಲ್ಲಿ ಕಾಯಂ ನೆಲೆಸುವ ಪರವಾನಗಿ) ಕಾಯುತ್ತಿದ್ದರೆ ಇನ್ನೊಂದು ತಡೆಯೂ ನಿಮಗೆ ಗೊತ್ತಿರುತ್ತದೆ. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶದವರಿಗೆ 7% ಎಂಬ ಮಿತಿ 1990ರ ಕಾನೂನಿನದ್ದು. ಅದನ್ನು ಸಡಿಲಿಸುವ ವಲಸೆ ಸುಧಾರಣಾ ಮಸೂದೆ 2013ರಲ್ಲಿ ಸೆನೆಟ್‌ನಲ್ಲಿ 68-32 ಮತಗಳಿಂದ ಗೆದ್ದಿತು. ಕೆಳಮನೆ ಅದನ್ನು ಮತಕ್ಕೆ ಹಾಕಲೇ ಇಲ್ಲ.

ಪ್ರಶ್ನೆ (ಹಾಸನದ ಸದಸ್ಯರು): ಒಪ್ಪಿದೆ. ಆದರೆ ಸಂಖ್ಯಾಬಲವಿಲ್ಲದ ವಿರೋಧ ಪಕ್ಷ ಕೂಗದೆ ಇನ್ನೇನು ಮಾಡಬೇಕು? ವಿಧಾನ ಪರಿಷತ್ತು ತಡೆಯಬಹುದಲ್ಲವೇ?

ಉತ್ತರ: ಪರಿಷತ್ತು ತಡೆಯಲಾರದು, ತಡ ಮಾಡಬಹುದು ಅಷ್ಟೆ. ಸಂವಿಧಾನದ 197ನೇ ವಿಧಿಯ ಪ್ರಕಾರ ಮೊದಲ ಬಾರಿ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು. ಆಮೇಲೆ ಮಸೂದೆ ಪಾಸಾದಂತೆಯೇ.

ಕೂಗಿನಿಂದ ಫಲ ಸಿಕ್ಕಿದ್ದೂ ಇದೆ. ಮೊಬೈಲ್ ತರಂಗಾಂತರ ಹಂಚಿಕೆಯ 2ಜಿ ಹಗರಣದ ತನಿಖೆಗೆ ಎರಡೂ ಸದನಗಳ ಜಂಟಿ ಸಂಸದೀಯ ಸಮಿತಿ ಬೇಕೆಂದು 2010ರ ಚಳಿಗಾಲದ ಅಧಿವೇಶನವನ್ನು ವಿರೋಧ ಪಕ್ಷಗಳು ಬಹುತೇಕ ನಡೆಯಗೊಡಲಿಲ್ಲ, ಮುಂದಿನ ವರ್ಷ ಸಮಿತಿ ಬಂತು. ಅಂಥ ಸಂದರ್ಭದಲ್ಲಿ ಧರಣಿಯನ್ನು ನಾನು ದೂರುವುದಿಲ್ಲ. ಪ್ರತಿ ಅಧಿವೇಶನಕ್ಕೂ ಅದೇ ಅಸ್ತ್ರವಾದರೆ ದೂರುತ್ತೇನೆ.

ಕೂಗು ಕಡಿಮೆಯಾಗಬೇಕಾದರೆ ಮಾತಿಗೆ ಬೇರೆ ಜಾಗ ಇರಬೇಕು. ಬ್ರಿಟನ್ನಿನ ಕೆಳಮನೆಯಲ್ಲಿ ಪ್ರತಿ ಅಧಿವೇಶನದ 20 ದಿನಗಳ ವಿಷಯಸೂಚಿ ವಿರೋಧ ಪಕ್ಷಗಳದ್ದು. ನಮ್ಮಲ್ಲಿ ಅದಿಲ್ಲ. ನಮ್ಮಲ್ಲಿ ಇರುವುದು ಮಸೂದೆಯನ್ನು ಪರಿಶೀಲಿಸುವ ಸದಸ್ಯರ ಸಮಿತಿ, ಅದನ್ನೂ ಬಳಸುವುದು ಕಡಿಮೆಯಾಗಿದೆ. 15ನೇ ಲೋಕಸಭೆಯಲ್ಲಿ (2009-14) ಸುಮಾರು 71% ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ (2019-24) ಸುಮಾರು 16%. ನಮ್ಮ ರಾಜ್ಯದಲ್ಲಿ, ಬೆಂಗಳೂರಿನ ನಗರಾಡಳಿತವನ್ನು ಬದಲಿಸುವ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರ ಜುಲೈನಲ್ಲಿ ಮಂಡಿಸಿದಾಗ ವಿರೋಧ ಬಂತು. ಸರ್ಕಾರ ಅದನ್ನು ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿತು, ಅಂಗೀಕಾರವಾದದ್ದು 2025ರ ಮಾರ್ಚ್‌ನಲ್ಲಿ. ಕಾಯ್ದೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ತಿಂಗಳುಗಳಲ್ಲಿ ನಾಗರಿಕರು ಸಮಿತಿಯ ಮುಂದೆ ಮಾತನಾಡಲು ಸಾಧ್ಯವಾಯಿತು.

ಇನ್ನೊಂದು ಮಾತು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲಿ ನಮ್ಮ ಶಾಸಕಾಂಗವೇ ಕಾಯ್ದೆ ಮಾಡಿಕೊಂಡಿದೆ. ಅದು ಪಾಲನೆಯಾಗುವುದು ಅಪರೂಪ. ನಿಮ್ಮ ಶಾಸಕರು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆ ಈ 60 ದಿನಗಳ ಬಗ್ಗೆಯೂ ಕೇಳಿ. ಕಳೆದ ಅಧಿವೇಶನದಲ್ಲಿ ತಾವು ಹಾಕಿದ ಚುಕ್ಕೆ ಗುರುತಿನ ಪ್ರಶ್ನೆಗಳು ಯಾವುವು ಎಂದೂ ಕೇಳಿ. ಹೋಗುವ ಮೊದಲು ವಿಧಾನಸಭೆಯ ಜಾಲತಾಣದಲ್ಲಿರುವ ನಡವಳಿಗಳನ್ನು ಒಮ್ಮೆ ನೋಡಿಕೊಳ್ಳಿ. ಕನ್ನಡದಲ್ಲೇ ಇವೆ.