ಫಾರ್ವರ್ಡ್ ಬಿಡಿ, ಕೊಟೇಶನ್ ಕಳಿಸಿ

"ಸೋಲಾರ್ ಹಾಕಿಸುವವರೇ ಎಚ್ಚರ! ಕಂಟ್ರಾಕ್ಟರ್ ಮೋಸ ಮಾಡಿದರೆ 1915ಕ್ಕೆ ಒಂದೇ ಒಂದು ಫೋನ್ ಮಾಡಿ. 24 ಗಂಟೆಯಲ್ಲಿ ಪೂರ್ತಿ ದುಡ್ಡು ವಾಪಸ್! ಬ್ಯಾಂಕ್ ಕಂತನ್ನೂ ಕಟ್ಟಬೇಕಾಗಿಲ್ಲ. ಹತ್ತು ಜನಕ್ಕೆ ಕಳಿಸಿ."

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿಗೆ ಇದನ್ನು ಹಾಕಿದ್ದು ಜಗಳೂರಿನ ಮಾವ. ಅವರು ಹಾಕಿದ್ದಕ್ಕೆ ಕಾರಣ ಇತ್ತು. ದಾವಣಗೆರೆಯಲ್ಲಿ ಚಿಕ್ಕಪ್ಪನ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಕೂತಿದೆ. ಬೇಸಿಗೆ ಹೋಗಿ ಮಳೆಗಾಲ ಬಂತು, ನೆಟ್ ಮೀಟರ್ (ನಾವು ಲೈನಿಗೆ ಕೊಟ್ಟ ವಿದ್ಯುತ್ತನ್ನೂ ಲೆಕ್ಕ ಹಾಕುವ ಮೀಟರ್) ಬಂದಿಲ್ಲ, ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿಯೂ ಇಲ್ಲ. ಸ್ಟ್ಯಾಂಡ್ ಕೂರಿಸಲು ಕೊರೆದ ಜಾಗದಲ್ಲಿ ತಾರಸಿ ಸೋರುತ್ತಿದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಿದೆ. ಕಂಟ್ರಾಕ್ಟರ್ ಅಪರೂಪಕ್ಕೆ ಫೋನ್ ಎತ್ತಿದರೆ, "ಬೆಸ್ಕಾಂನಲ್ಲಿ ಪೆಂಡಿಂಗ್ ಇದೆ ಅಂಕಲ್" ಎನ್ನುತ್ತಾನೆ.

ಮೊದಲ ಉತ್ತರ ಬೆಂಗಳೂರಿನ ಭಾವನದು.

"ಸೋರ್ಸ್ ಏನು?"

"ನಮ್ಮ ವಾಕಿಂಗ್ ಗುಂಪಿನಲ್ಲಿ ರಿಟೈರ್ಡ್ ಆಫೀಸರ್ ಒಬ್ಬರು ಕಳಿಸಿದ್ದು."

"ಯಾವ ಆಫೀಸರ್? ಯಾವ ಇಲಾಖೆ?"

"ನಿಮಗೆ ಎಲ್ಲದಕ್ಕೂ ಸಾಕ್ಷಿ ಬೇಕು ಅಳಿಯಂದ್ರೇ. ಮದುವೆ ಮಾತುಕತೆಯಲ್ಲೂ ಹೀಗೇ ಮಾಡಿದ್ದಿರಿ."

ಭಾವ ಅದಕ್ಕೂ ಉತ್ತರ ಬರೆಯುತ್ತಿದ್ದರು. ಅಷ್ಟರಲ್ಲಿ ಹರಿಹರದ ಅತ್ತೆ ಬಂದರು.

"ಈ ಮೆಸೇಜ್ ಯಾರಿಗೆ ಅಂತ ನನಗೆ ಗೊತ್ತು. ಆ ಕಂಟ್ರಾಕ್ಟರನನ್ನು ತೋರಿಸಿದ್ದು ನಮ್ಮ ಅಳಿಯ. ನೇರವಾಗಿ ಹೇಳಿ."

"ನಿಮ್ಮ ಅಳಿಯನ ಹೆಸರು ಯಾರೂ ಎತ್ತಿಲ್ಲ ಅತ್ತಿಗೆ" ಎಂದು ಚಿಕ್ಕಮ್ಮ ಬರೆದರು.

"ಎತ್ತಬೇಕಾಗಿಲ್ಲ. ಜಗಳೂರಿನ ಹೊಲದ ಬೋರಿಗೆ ಮೋಟರ್ ಕೊಡಿಸಿದ್ದು ಯಾರು? ವರ್ಷ ತುಂಬುವ ಮೊದಲೇ ಸುಟ್ಟುಹೋಯಿತು. ನಾವು ಯಾರ ಹತ್ತಿರವಾದರೂ ಆಡಿಕೊಂಡೆವಾ?"

ಮೋಟರ್ ಕೊಡಿಸಿದ್ದು ಚಿಕ್ಕಪ್ಪ. ಅದರ ರಿವೈಂಡಿಂಗ್‌ಗೆ ಯಾರು ದುಡ್ಡು ಕೊಟ್ಟರು ಎಂಬ ಲೆಕ್ಕ ಮತ್ತೆ ಶುರುವಾಯಿತು. ಮಾವ ಕಳಿಸಿದ ಮೆಸೇಜ್ ಎಲ್ಲೋ ಮೇಲೆ ಉಳಿಯಿತು. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಯಾರೂ ನೋಡಲಿಲ್ಲ.

ಆಮೇಲೆ ದೊಡ್ಡಪ್ಪ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಗೃಹಜ್ಯೋತಿಯಲ್ಲಿ ಕರೆಂಟು ಪುಕ್ಕಟೆ ಸಿಗುವಾಗ ಸಾಲ ಮಾಡಿ ಸೋಲಾರ್ ಯಾಕೆ ಬೇಕಿತ್ತು?"

ಹಿರಿಯರು, ಎದುರು ಮಾತಾಡಬಾರದು. ಆದರೂ ಈ ಮಾತು ನನಗೆ ಸರಿ ಕಾಣಲಿಲ್ಲ. ಚಿಕ್ಕಪ್ಪನ ಮನೆ ಬಳಕೆ 200 ಯೂನಿಟ್ ದಾಟುತ್ತದೆ. ದಾಟಿದ ತಿಂಗಳು ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅವರು ಲೆಕ್ಕ ಹಾಕಿಯೇ ಸೋಲಾರ್ ಹಾಕಿಸಿದ್ದಾರೆ. ದುಡ್ಡು ಕೊಟ್ಟು ಕೆಲಸ ಮಾಡಿಸಿದವರಿಗೇ ಬುದ್ಧಿ ಹೇಳಿದರೆ, ಕೆಲಸ ಅರ್ಧಕ್ಕೆ ಬಿಟ್ಟವನಿಗೆ ಅನುಕೂಲ ಅಷ್ಟೆ.

ನಾನು ಇದನ್ನು ಬರೆಯುವ ಹೊತ್ತಿಗೆ ನನ್ನ ತಮ್ಮ ಒಂದು ಹಳೇ ಫೋಟೊ ಹಾಕಿದ್ದ. "ಇದೇ ತಾರಸಿ ಅಲ್ವಾ? ದುಗ್ಗಮ್ಮನ ಜಾತ್ರೆಗೆ ಬಂದವರೆಲ್ಲ ಇಲ್ಲೇ ಸಾಲಾಗಿ ಮಲಗುತ್ತಿದ್ದೆವು. ಅಜ್ಜಿ ಶಾವಿಗೆ ಒಣಗಿಸುತ್ತಿದ್ದಳು. ಮಂಡಕ್ಕಿ, ಮಿರ್ಚಿ, ಕರೆಂಟ್ ಹೋದರೆ ದೆವ್ವದ ಕಥೆ." ಎಲ್ಲರೂ ಹಾರ್ಟ್ ಒತ್ತಿದರು. ಅತ್ತೆಯೂ ಒತ್ತಿದರು. ನನಗೂ ಆ ತಾರಸಿ ಅಂದರೆ ಪ್ರಾಣ. ಆದರೆ ಈಗ ಸೋರುತ್ತಿರುವುದು ಅದೇ ತಾರಸಿ.

ಅಷ್ಟರಲ್ಲಿ ಮಾವ ಬರೆದರು: "ಮೊದಲು ಕಂತು ಕಟ್ಟುವುದು ನಿಲ್ಲಿಸು. ತಾನಾಗಿ ದಾರಿಗೆ ಬರುತ್ತಾನೆ."

ನನಗೆ ಗಾಬರಿಯಾಯಿತು. ಆ ಫಾರ್ವರ್ಡಿನಲ್ಲಿ ಎಲ್ಲಕ್ಕಿಂತ ಕೆಟ್ಟ ಸಲಹೆ ಅದೇ. ಸಾಲ ಇರುವುದು ಚಿಕ್ಕಪ್ಪ ಮತ್ತು ಬ್ಯಾಂಕಿನ ನಡುವೆ. ಕಂತು ತಪ್ಪಿದರೆ ದಂಡ ಬೀಳುವುದು ಚಿಕ್ಕಪ್ಪನಿಗೆ, ಸಿಬಿಲ್ ಸ್ಕೋರ್ ಇಳಿಯುವುದೂ ಅವರದೇ. ಕಂಟ್ರಾಕ್ಟರನಿಗೆ ಬ್ಯಾಂಕ್ ದುಡ್ಡು ಆಗಲೇ ಸೇರಿದೆ. ಅವನು ಯಾಕೆ ದಾರಿಗೆ ಬರುತ್ತಾನೆ? ಇಷ್ಟನ್ನು ಬರೆದು, "ದಯವಿಟ್ಟು ಕಂತು ನಿಲ್ಲಿಸಬೇಡಿ ಚಿಕ್ಕಪ್ಪ" ಎಂದು ಕೈಮುಗಿದೆ.

"ಹಾಗಾದರೆ 1915 ಕೂಡ ಸುಳ್ಳಾ?" ಎಂದು ಮಾವ ಕೇಳಿದರು.

ಸುಳ್ಳಲ್ಲ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ, ಉತ್ತರ ಕೇಳುತ್ತಾರೆ. ಎಷ್ಟೋ ಕಂಪನಿಗಳು ಅಷ್ಟಕ್ಕೇ ಎಚ್ಚೆತ್ತುಕೊಳ್ಳುತ್ತವೆ. ಆದರೆ ದುಡ್ಡು ವಾಪಸ್ ಕೊಡು ಎಂದು ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ. ಆ ಅಧಿಕಾರ ಇರುವುದು ಗ್ರಾಹಕರ ಆಯೋಗಕ್ಕೆ.

ದೊಡ್ಡಪ್ಪ 420 ಕೇಸ್ ಹಾಕಿಸೋಣ ಎಂದರು. ಭಾವ ತಕ್ಷಣ ತಿದ್ದಿದರು: 2024ರ ಜುಲೈ 1ರಿಂದ ವಂಚನೆ ಬರುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಕೆಳಗೆ. ಅಲ್ಲದೆ ಮೊದಲಿಂದಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕು. ಭಾವನ ಮಾತು ಸರಿಯಾಗಿಯೇ ಇತ್ತು. ಆದರೆ ಜೊತೆಗೆ ಇನ್ನೊಂದು ಹೆದರಿಕೆಯನ್ನೂ ಬಿತ್ತಿದರು. "ಒಪ್ಪಂದದಲ್ಲಿ ತಕರಾರು ಬಂದರೆ ಬೆಂಗಳೂರಿನಲ್ಲಿ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ತೀರ್ಮಾನ ಅಂತ ಇರುತ್ತದೆ. ಸಹಿ ಹಾಕಿದ ಮೇಲೆ ಮುಗಿಯಿತು."

ಮುಗಿಯುವುದಿಲ್ಲ. ಆರ್ಬಿಟ್ರೇಶನ್ ಷರತ್ತು ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿಗೆ ಓಡಬೇಕಾಗಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ದಾವಣಗೆರೆಯ ಜಿಲ್ಲಾ ಆಯೋಗದಲ್ಲಿ. ಕೊಟ್ಟ ದುಡ್ಡು 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಒಂದು ವಿಷಯ ಮಾತ್ರ ಮರೆಯಬಾರದು. ತೊಂದರೆ ಶುರುವಾದ ಮೇಲೆ ಎರಡು ವರ್ಷದೊಳಗೆ ದೂರು ಕೊಡಬೇಕು. "ನಾಳೆ ಬರ್ತೀನಿ ಅಂಕಲ್" ಎಂಬ ಮಾತನ್ನು ನಂಬಿ ಕೂತರೆ ಓಡುವುದು ಇದೇ ಎರಡು ವರ್ಷ.

ಅಲ್ಲಿವರೆಗೆ ಸುಮ್ಮನಿದ್ದ ಚಿಕ್ಕಪ್ಪ ಈಗ ಬರೆದರು. "ಟೆಸ್ಟಿಂಗ್ ಅಂತ ಆನ್ ಮಾಡಿದ ದಿನ ಕರೆಂಟ್ ಹೋಯಿತು. ಸೋಲಾರೂ ನಿಂತುಹೋಯಿತು. ಬಿಸಿಲು ಇತ್ತು. ಅದೇ ದೊಡ್ಡ ಮೋಸ. ಅದನ್ನು ಮೊದಲು ಬರಿ."

ಅವರ ಬೇಜಾರು ಅರ್ಥವಾಗುತ್ತದೆ. ಆದರೆ ಅದು ಮೋಸ ಅಲ್ಲ. ಬ್ಯಾಟರಿ ಇಲ್ಲದೆ ನೇರ ಬೆಸ್ಕಾಂ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ತಾರಸಿಯ ವಿದ್ಯುತ್ ಹೊರಗಿನ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಎಂದು ಕಂಟ್ರಾಕ್ಟರ್ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ದೂರಿನಲ್ಲಿ ಅದು ಬೇಡ. ತಪ್ಪಲ್ಲದ್ದನ್ನು ತಪ್ಪು ಅಂತ ಬರೆದರೆ ಅವನ ಕಡೆಯವರು ಅದನ್ನೇ ಹಿಡಿದುಕೊಂಡು, ನಿಜವಾದ ತಪ್ಪನ್ನು ಮುಚ್ಚಿಬಿಡುತ್ತಾರೆ.

"ನನಗೆ ಬೇಕಾಗಿರುವುದು ಕೊಟೇಶನ್, ದುಡ್ಡು ಕೊಟ್ಟ ರಸೀದಿ, ಸೂರ್ಯ ಘರ್ ಪೋರ್ಟಲ್‌ನ ಅರ್ಜಿ ನಂಬರ್" ಎಂದು ಕೇಳಿದೆ.

ಚಿಕ್ಕಮ್ಮ ಮೂರನ್ನೂ ಕಳಿಸಿದರು. ಪೋರ್ಟಲ್ ತೆರೆದರೆ ಫೈಲ್ ಎಲ್ಲಿ ನಿಂತಿದೆ ಎಂದು ಅಲ್ಲೇ ಕಾಣುತ್ತಿತ್ತು. ಪ್ಯಾನೆಲ್ ಕೂರಿಸಿದ ವಿವರವನ್ನು ಕಂಟ್ರಾಕ್ಟರ್ ಅಪ್‌ಲೋಡ್ ಮಾಡಿಯೇ ಇಲ್ಲ! ಅದಾದ ಮೇಲಲ್ಲವೇ ತಪಾಸಣೆ, ನೆಟ್ ಮೀಟರ್? ಇದೆಲ್ಲ ಮುಗಿದ ಮೇಲೆ 3 ಕಿಲೋವ್ಯಾಟಿನ 78,000 ರೂಪಾಯಿ ಸಬ್ಸಿಡಿ ನೇರ ಚಿಕ್ಕಪ್ಪನ ಖಾತೆಗೆ ಬರಬೇಕು. ಬೆಸ್ಕಾಂ ಮುಂದೆ ತಪಾಸಣೆಗೆ ಏನೂ ಹೋಗಿಯೇ ಇರಲಿಲ್ಲ.

ಅವನು ಯಾಕೆ ಅಪ್‌ಲೋಡ್ ಮಾಡಲಿಲ್ಲ? ಚಿಕ್ಕಪ್ಪನ ಮಗನಿಗೆ ಪ್ಯಾನೆಲ್ ಹಿಂಬದಿಯ ಸ್ಟಿಕ್ಕರ್ ಫೋಟೊ ತೆಗೆಯಲು ಹೇಳಿದೆ. ಕಂಪನಿ, ಮಾಡೆಲ್, ವ್ಯಾಟ್, ಸೀರಿಯಲ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಕೊಟೇಶನ್‌ನಲ್ಲಿ ಇದ್ದದ್ದು ಒಂದು ಕಂಪನಿಯ ಡಿಸಿಆರ್ ಪ್ಯಾನೆಲ್, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಈ ಯೋಜನೆಯ ಸಬ್ಸಿಡಿಗೆ ಅದೇ ಬೇಕು. ಸ್ಟಿಕ್ಕರ್ ಮೇಲೆ ಇದ್ದದ್ದು ಬೇರೆಯೇ ಕಂಪನಿ, ಬೇರೆಯೇ ಮಾಡೆಲ್.

ಕೊಟೇಶನ್, ಸ್ಟಿಕ್ಕರ್ ಎರಡರ ಫೋಟೊವನ್ನೂ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅತ್ತೆ ಬರೆದರು.

"ಅಂದರೆ ನಮ್ಮ ಅಳಿಯನಿಗೂ ಅವನು ಸುಳ್ಳು ಹೇಳಿದ್ದಾನೆ."

"ಹೌದು ಅತ್ತೆ. ಅವರ ಮೇಲೆ ಯಾರ ದೂರೂ ಇಲ್ಲ."

"ಡಿಸಿಆರ್ ಹಾಕುತ್ತೇನೆ, ತಿಂಗಳಲ್ಲಿ ಮೀಟರ್ ಕೂರಿಸುತ್ತೇನೆ ಅಂತ ಅವನು ಬರೆದ ಮೆಸೇಜ್ ಅಳಿಯನ ಫೋನಿನಲ್ಲಿ ಇದೆ. ಬೇಕಾ?"

"ಬೇಕೇ ಬೇಕು. ಸ್ಕ್ರೀನ್‌ಶಾಟ್ ಕಳಿಸಿ, ಆದರೆ ಫೋನಿನಿಂದ ಆ ಮೆಸೇಜ್ ಅಳಿಸಬೇಡಿ ಅಂತ ಹೇಳಿ."

ಸಂಜೆ ಪತ್ರ ಬರೆದೆ. ಕೊಟೇಶನ್ ಪ್ರಕಾರದ ಪ್ಯಾನೆಲ್ ಹಾಕಬೇಕು, ಪೋರ್ಟಲ್‌ನಲ್ಲಿ ವಿವರ ತುಂಬಬೇಕು, ಸೋರುವುದನ್ನು ಸರಿಮಾಡಬೇಕು, 15 ದಿನದೊಳಗೆ. ಆಗದಿದ್ದರೆ ದುಡ್ಡು ಮತ್ತು ಪರಿಹಾರ ಕೇಳಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ ಎಂದು ಕೊನೆಯ ಸಾಲು. ಭಾವ ಒಂದೊಂದು ತಾರೀಖನ್ನೂ ರಸೀದಿ ಜೊತೆ ತಾಳೆ ನೋಡಿದರು. ಸೋಮವಾರ ಚಿಕ್ಕಪ್ಪ ಸ್ಪೀಡ್ ಪೋಸ್ಟ್ ಮಾಡಿದರು, ಇಮೇಲ್ ಕೂಡ ಹೋಯಿತು. 1915ರಲ್ಲಿ, ಯೋಜನೆಯ ಸಹಾಯವಾಣಿ 15555ರಲ್ಲಿ ದೂರು ಬರೆಸಿದ್ದು ಜಗಳೂರಿನ ಮಾವ. ಎರಡೂ ದೂರಿನ ನಂಬರನ್ನು ಅವರೇ ಗುಂಪಿಗೆ ಹಾಕಿದರು.