ಉಪ್ಪು ಚೆನ್ನಾಗೇ ತಿನ್ನುವ ಅಪ್ಪನಿಗೆ ಸೋಡಿಯಂ 127, ಹೇಗೆ?

ಮಧುಗಿರಿ ಹುಡುಗಿ:
ಅಪ್ಪನಿಗೆ 71 ವರ್ಷ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ವಾರ ವಿಪರೀತ ಸುಸ್ತು, ಊಟ ಬೇಡ ಅಂದರು, ಮಾತೂ ಒಂಥರಾ ತಡವರಿಸುತ್ತಿತ್ತು. ತುಮಕೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 127. ಈಗ 133ಕ್ಕೆ ಬಂದಿದೆ, ಮನೆಯಲ್ಲೇ ಇದ್ದಾರೆ. ಬಿಪಿ ಮಾತ್ರೆ ಬದಲಿಸಿದ್ದಾರೆ, ನೀರು ದಿನಕ್ಕೆ ಒಂದೂವರೆ ಲೀಟರ್ ದಾಟಬಾರದು ಅಂದಿದ್ದಾರೆ.

ಅಪ್ಪ ಉಪ್ಪು ಬಿಟ್ಟವರೇ ಅಲ್ಲ. ಮುದ್ದೆ ಬಸ್ಸಾರು, ಉಪ್ಪು ಹಾಕಿದ ಮಜ್ಜಿಗೆ, ಉಪ್ಪಿನಕಾಯಿ ಇಲ್ಲದೆ ಊಟ ಮುಗಿಯಲ್ಲ. ಹಾಗಿದ್ದೂ ಸೋಡಿಯಂ ಯಾಕೆ ಇಳಿಯಿತು? ಈ ಬಿಸಿಲಲ್ಲಿ ನೀರು ಕಡಿಮೆ ಕುಡಿಯಿರಿ ಅಂದರೆ ಏನರ್ಥ? ಪಕ್ಕದ ಮನೆಯವರು ದಿನಾ ಒಂದು ಚಮಚ ಉಪ್ಪು ಜಾಸ್ತಿ ಕೊಡಿ ಅಂತಿದ್ದಾರೆ. ಕೊಡಬಹುದಾ?

ಕೋಲಾರ ಬಯಾಲಜಿ ಮೇಷ್ಟ್ರು:
ಉಪ್ಪು ಜಾಸ್ತಿ ಕೊಡಬೇಡಿ, ಮೊದಲು ಇದನ್ನು ಓದಿ.

127 ಅನ್ನುವುದು ಮೈಯಲ್ಲಿರುವ ಒಟ್ಟು ಉಪ್ಪಿನ ಲೆಕ್ಕ ಅಲ್ಲ. ಒಂದು ಲೀಟರ್ ರಕ್ತದ ನೀರಿನಂಶದಲ್ಲಿ ಎಷ್ಟು ಸೋಡಿಯಂ ಇದೆ ಅನ್ನುವ ಲೆಕ್ಕ. 135ರಿಂದ 145 ಇರಬೇಕು. ಸಾರಿಗೆ ಹಾಕಿದ ಉಪ್ಪು ಅಷ್ಟೇ ಇದ್ದು ಮೇಲೆ ಇನ್ನೆರಡು ಚೊಂಬು ನೀರು ಸುರಿದರೆ ಸಪ್ಪೆಯಾಗುತ್ತದಲ್ವಾ, ನಿಮ್ಮ ತಂದೆಗೆ ಆಗಿರುವುದು ಹೆಚ್ಚಾಗಿ ಅದೇ.

ಒಟ್ಟು ಉಪ್ಪನ್ನು ನೋಡಿಕೊಳ್ಳುವುದು ಬೇರೆ ವ್ಯವಸ್ಥೆ. ಕಿಡ್ನಿ ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶ ಸೋಸುತ್ತದೆ. ಅದರಲ್ಲಿ ಹೋಗುವ ಸೋಡಿಯಂ ಲೆಕ್ಕ ಹಾಕಿದರೆ ಒಂದೂವರೆ ಕಿಲೋ ಉಪ್ಪಿಗೆ ಹತ್ತಿರ! ಶೇಕಡಾ 99ಕ್ಕಿಂತ ಜಾಸ್ತಿ ವಾಪಸ್ ಎಳೆದುಕೊಳ್ಳುತ್ತದೆ. ಕಿಡ್ನಿಯ ಮೊದಲ ನಳಿಕೆಯಲ್ಲೇ ಮೂರರಲ್ಲಿ ಎರಡು ಪಾಲು, ಅದರ ಮುಂದೆ ಬಾಗಿರುವ ಹೆನ್ಲೆ ಕುಣಿಕೆ ಅನ್ನುವ ಭಾಗದಲ್ಲಿ ಕಾಲು ಪಾಲು. ಕೊನೆಯ ಸ್ವಲ್ಪ ಮಾತ್ರ ಹಾರ್ಮೋನು ಹೇಳಿದ ಹಾಗೆ. ರಕ್ತದ ಒತ್ತಡ ಇಳಿದರೆ ಕಿಡ್ನಿ ರೆನಿನ್ ಅನ್ನುವ ರಾಸಾಯನಿಕ ಬಿಡುತ್ತದೆ, ಅದರಿಂದ ಆಂಜಿಯೋಟೆನ್ಸಿನ್ ತಯಾರಾಗುತ್ತದೆ, ಅದು ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳಿ ಆಲ್ಡೋಸ್ಟೆರಾನ್ ಹಾರ್ಮೋನು ಬಿಡಿಸುತ್ತದೆ, ಆಗ ಉಪ್ಪು ಉಳಿಯುತ್ತದೆ. ರಕ್ತ ಜಾಸ್ತಿ ತುಂಬಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದರೆ ಅಲ್ಲಿಂದ ಇನ್ನೊಂದು ಹಾರ್ಮೋನು ಎಎನ್‌ಪಿ ಬಂದು ಉಪ್ಪನ್ನು ಮೂತ್ರಕ್ಕೆ ಕಳಿಸುತ್ತದೆ. ಉಪ್ಪು ಉಳಿದರೆ ಜೊತೆಗೆ ನೀರೂ ಉಳಿಯುತ್ತದೆ. ಹಾಗಾಗಿ ಉಪ್ಪು ಜಾಸ್ತಿಯಾದಾಗ ಕಾಲು ಊದುವುದು, ಬಿಪಿ ಏರುವುದು ಆಗಬಹುದೇ ಹೊರತು ರಿಪೋರ್ಟಿನ ನಂಬರ್ ಅಷ್ಟಾಗಿ ಏರಲ್ಲ.

ಆ ನಂಬರ್ ಕಾಯುವುದು ಎಡಿಎಚ್, ಮೆದುಳಿನಿಂದ ಬರುವ ಹಾರ್ಮೋನು. ರಕ್ತ ಶೇಕಡಾ ಒಂದೆರಡು ಗಟ್ಟಿಯಾದರೂ ಸಾಕು, ಬಾಯಾರಿಕೆ ಆಗುತ್ತದೆ, ಎಡಿಎಚ್ ಬಂದು ಕಿಡ್ನಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ತೆಳುವಾದರೆ ಎಡಿಎಚ್ ನಿಲ್ಲಬೇಕು. ವಯಸ್ಸಾದವರಲ್ಲಿ, ಕೆಲವು ಮಾತ್ರೆ ತಿನ್ನುವವರಲ್ಲಿ ಅದು ಸರಿಯಾಗಿ ನಿಲ್ಲಲ್ಲ. ಕುಡಿದ ನೀರು ಒಳಗೇ ಉಳಿಯುತ್ತದೆ. ನೀರಿಗೆ ಮಿತಿ ಹಾಕಿರುವುದು ಅದಕ್ಕೇ.

ಚಿಂತಾಮಣಿ ಫಾರ್ಮಸಿ:
ಮೇಷ್ಟ್ರು ಮಾತ್ರೆ ವಿಷಯ ಮುಟ್ಟಿ ಬಿಟ್ಟರು. ಹಳೇ ಸ್ಟ್ರಿಪ್ ಹಿಂದೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಅಂತ ಇದೆಯಾ ನೋಡಿ. ಬಿಪಿಗೆ ಒಳ್ಳೆಯ ಮಾತ್ರೆಗಳೇ, ಎಷ್ಟೋ ಜನಕ್ಕೆ ಏನೂ ಆಗಲ್ಲ. ಆದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿಸುವುದರಲ್ಲಿ ಇವೇ ಮುಂದು, ಮೂತ್ರದಲ್ಲಿ ಉಪ್ಪು ಹೋಗುತ್ತದೆ, ಹೆಚ್ಚಿನ ನೀರನ್ನು ಹೊರಹಾಕುವ ಶಕ್ತಿಯೂ ಕುಂದುತ್ತದೆ.

ಇನ್ನೊಂದು, ದಯವಿಟ್ಟು ಕೇಳಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಪ್ರಿಲ್, ಸಾರ್ಟಾನ್ ಅಂತ ಕೊನೆಯಾಗುವ ಮಾತ್ರೆಗಳು ಆ ರೆನಿನ್ ದಾರಿಯನ್ನೇ ತಡೆಯುತ್ತವೆ, ಆಗ ಪೊಟ್ಯಾಸಿಯಂ ಹೊರಗೆ ಹೋಗುವುದು ಕಡಿಮೆ. ಅದು ಏರಿದರೆ ಹೃದಯಕ್ಕೆ ಅಪಾಯ.

ಮಧುಗಿರಿ ಹುಡುಗಿ:
ನೋಡಿದೆ. ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಅಂತ ಇದೆ! ಹೊಸ ಸ್ಟ್ರಿಪ್‌ನಲ್ಲಿ ಎರಡನೆಯದು ಇಲ್ಲ. ಆಸ್ಪತ್ರೆಯಲ್ಲಿ ಯಾಕೆ ಒಂದೇ ದಿನಕ್ಕೆ ಏರಿಸಲಿಲ್ಲ ಅಂತ ಅಣ್ಣ ಸಿಟ್ಟಾಗಿದ್ದಾನೆ.

ಚಿಂತಾಮಣಿ ಫಾರ್ಮಸಿ:
ಸರಿಯಾಗೇ ಮಾಡಿದ್ದಾರೆ ಅಂತ ಅಣ್ಣನಿಗೆ ಹೇಳಿ. ಸೋಡಿಯಂ ಸರ್ರನೆ ಏರಿದರೆ ಮೆದುಳಿನ ನರಗಳಿಗೆ ಪೆಟ್ಟಾಗಬಹುದು. ಸಾಮಾನ್ಯವಾಗಿ 24 ಗಂಟೆಗೆ 8ರಿಂದ 10ರ ಒಳಗೇ ಏರಿಸುತ್ತಾರೆ. ಉಪ್ಪು, ಬಿಪಿ ಇರುವುದರಿಂದ ಉಪ್ಪಿನಕಾಯಿ ಸಾರು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಒಳಗೇ ಇರಲಿ, ಡಾಕ್ಟರು ಬೇರೆ ಹೇಳಿದ್ದರೆ ಅದೇ ಅಂತಿಮ. ಹೊಲಕ್ಕೆ ಹೋಗಿ ಬೆವರುವ ದಿನ ನೀರಿನ ಮಿತಿ ಎಷ್ಟು ಅಂತ ಅವರನ್ನೇ ಕೇಳಿ. ಮತ್ತೆ ತಲೆನೋವು, ವಾಂತಿ, ಗೊಂದಲದ ಮಾತು, ಫಿಟ್ಸ್ ಏನಾದರೂ ಬಂದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಹೊರಡಿ.